ಗಿರಣಿ, ಗಡ್ಡ ಮತ್ತು ನನ್ನ ರಾಯಭಾರ

ಎರಡು ಊರು ಇದ್ದಲ್ಲಿ ನಡುವ ಒಂದು ಹಳ್ಳ ಇರತೈತಿ, ಹಳ್ಳ ಇದ್ದಲ್ಲಿ ಜಗಳ ಇರತೈತಿ, ಜಗಳ ಇದ್ದಲ್ಲಿ ನಾ ಇರತೀನಿ. ಇದು ಇವತ್ತಿಂದಲ್ಲ, ನನ್ನ ಹಣೇಬರಹನ ಹಂಗ. ಟೀವ್ಯಾಗ ದೇಶ ದೇಶದವ್ರು ಉದ್ದನ ಮೇಜಿನ ಎರಡೂ ಕಡೆ ಕುಂತು, ಮುಂದ ನೀರಿನ ಬಾಟ್ಲಿ ಇಟಗೊಂಡು, ಕೈ ಕುಲುಕಿ ಎದ್ದು ಹೋಗೋದನ್ನ ನೋಡಿದಾಗ ನಾನು ನಮ್ಮಾಕಿಗೆ ಹೇಳ್ತೀನಿ, “ಈ ಕೆಲಸಾ ನಾನೂ ಮಾಡೀನಿ ನೋಡು. ಅವ್ರಿಗೆ ಕೋಟು ಇತ್ತು, ನನಗ ಟವಲ್ ಇತ್ತು. ಅಷ್ಟ ಫರಕು.” ಸಾಲಿ ಕಟ್ಟಿ ಹತ್ತಿದ್ದು ಮಳಿ ಬಂದಾಗ ನಿಲ್ಲಾಕ ಮಾತ್ರ. ನಾಕು ಅಕ್ಷರ ಕೂಡಿಸೋದು ಮುದುಕ ಆದ ಮ್ಯಾಲ ಕಲತೀನಿ. ಆದ್ರೂ ದಿಲ್ಲಿಯವ್ರು ಒಂದು ಸಲ ನನ್ನ ಕರದಿದ್ರ ಅರ್ಧ ಜಗತ್ತಿನ ಜಗಳ ಸಂಜಿ ಚಾಕ್ಕಿಂತ ಮೊದಲ ಮುಗೀತಿತ್ತು. ಕರೀಲಿಲ್ಲ. ಹೋಗ್ಲಿ, ಲುಕ್ಸಾನು ಅವರದು.

೧. ಟಗರು ಗಡಿ ದಾಟಿತು

ನಮ್ಮೂರು ಯಲಬುರ್ಗಾ ತಾಲೂಕಿನಾಗ, ತಳಕಲ್ ಕಡೆ. ಹಳ್ಳದ ಈಚಿ ದಂಡಿಗೆ ನಾವು, ಆಚಿ ದಂಡಿಗೆ ಅವ್ರು. ನಮ್ಮಲ್ಲಿ ಕಟಿಂಗ್ ಅಂಗಡಿ ಐತಿ, ಅವರಲ್ಲಿಲ್ಲ. ಅವರಲ್ಲಿ ಹಿಟ್ಟಿನ ಗಿರಣಿ ಐತಿ, ನಮ್ಮಲ್ಲಿಲ್ಲ. ಹಿಂಗಾಗಿ ಅವರ ಗಡ್ಡ ನಮ್ಮ ಕೈಯಾಗ, ನಮ್ಮ ರೊಟ್ಟಿ ಅವರ ಕೈಯಾಗ. ನನಗ ತಿಳುವಳಿಕಿ ಬಂದಾಗಿಂದ ಇದು ಛಲೋ ನಡದಿತ್ತು.

ನಮ್ಮ ಗೌಡ್ರು ಒಂದು ಟಗರು ಸಾಕ್ಯಾರ. ಅದರ ಕೋಡು ಎಷ್ಟು ದೊಡ್ಡವಂದ್ರ ನೆಳ್ಳು ಬಿದ್ದಲ್ಲಿ ಇಬ್ರು ಕುಂತು ಊಟಾ ಮಾಡಬಹುದು. ಒಂದಿನ ಮುಂಜಾನೆ ಅದು ಹಗ್ಗ ಹರಕೊಂಡು ಹಳ್ಳ ದಾಟಿತು. ಆಚಿ ದಂಡ್ಯಾಗ ಗಿರಣಿ ಸಾಹುಕಾರ್ರು ಬಗ್ಗಿ ಚಪ್ಪಲಿ ಉಂಗುಟ ಸರಿ ಮಾಡಕೊಳ್ಳಾಕತ್ತಿದ್ರು. ಬಗ್ಗಿದ ಮನಷ್ಯಾ ಅಂದ್ರ ಟಗರಿಗೆ ಸವಾಲು ಹಾಕಿದ್ಹಂಗ. ನಾ ಈ ಕಣ್ಣೀಲೆ ಕಂಡೀನಿ, ಸಾಹುಕಾರ್ರು ಎದ್ದದ್ದು ಇಲ್ಲಿ, ಬಿದ್ದದ್ದು ಮೂರು ಹೊಲದಾಚೆ. ನಡುವ ಬೇವಿನ ಗಿಡದ ಮ್ಯಾಲಿನ ಕಾಗಿ ಹಾರಿ ದಾರಿ ಬಿಟ್ಟು ಕೊಟ್ವು.

ಅವ್ರು ಟಗರು ಹಿಡದು ಗಿರಣಿ ಕಂಬಕ್ಕ ಕಟ್ಟಿದ್ರು. “ಗೌಡ ಬಂದು ಕ್ಷಮಾ ಕೇಳ್ಲಿ, ಟಗರು ಬಿಡ್ತೀನಿ” ಅಂದ್ರು ಸಾಹುಕಾರ್ರು. “ಟಗರು ಮಾಡಿದ್ದಕ್ಕ ಗೌಡ ಯಾಕ ಕೈ ಮುಗೀಬೇಕು?” ಅಂದ್ರು ನಮ್ಮವ್ರು. ಗೌಡ್ರು ಸಿಟ್ಟಿಗೆದ್ದು, ಆಚಿ ಊರವ್ರಿಗೆ ಕಟಿಂಗ್ ಬಂದ್ ಅಂತ ಹುಕುಂ ಹೊರಡಿಸಿದ್ರು. ಒಂದು ತಾಸಿನಾಗ ಅವರು ನಮಗ ಗಿರಣಿ ಬಂದ್ ಮಾಡಿದ್ರು.

ಈಗ ತ್ರಾಸು ನೋಡ್ರಿ. ಶ್ರಾವಣ ಹನ್ನೆರಡು ದಿನದಾಗ ಬಂದಿತ್ತು. ಶ್ರಾವಣ ಹತ್ತಿದ್ರ ಈ ಕಡೆ ಮಂದಿ ಒಂದು ತಿಂಗಳು ಗಡ್ಡಕ್ಕ ಕತ್ತಿ ಮುಟ್ಟಸಂಗಿಲ್ಲ. ಅಂದ್ರ ಅಮವಾಸಿ ಒಳಗ ಬೋಳಸಲಿಲ್ಲಂದ್ರ ಆಚಿ ಊರವ್ರು ಕರಡಿ ಆಗೋದು ಖರೇ. ಸಾಹುಕಾರ್ರಿಗಂತೂ ನಮ್ಮ ಅಂಗಡಿಯವನ ಕೈನ ಬೇಕು. ಒಮ್ಮೆ ಗಂಗಾವತ್ಯಾಗ ಮಾಡಿಸಿಕೊಂಡು ಬಂದು ಎಂಟು ದಿನ ಗಲ್ಲಕ್ಕ ಅರಿಷಿಣ ಹಚ್ಚಿಕೊಂಡು ಕುಂತಿದ್ರು.

ನಮ್ಮ ಪಾಡು ಅದಕ್ಕಿಂತ ಕಡಿಮಿ ಇರಲಿಲ್ಲ. ನಾಗಪಂಚಮಿ ಮುಂದ ರೊಟ್ಟಿ ಹಬ್ಬ. ಮನಿಗೊಂದು ನೂರು ಖಡಕ್ ರೊಟ್ಟಿ ಬಡದು, ಓಣಿ ತುಂಬ ಮನಿ ಮನಿಗೆ ಹಂಚಬೇಕು. ಜ್ವಾಳ ಐತಿ, ಹಿಟ್ಟಿಲ್ಲ. ಪ್ಯಾಟಿ ಗಿರಣ್ಯಾಗ ಬೀಸಿಕೊಂಡು ಬರ್ರಿ ಅಂದ್ರ ಹೆಣ್ಣಮಕ್ಕಳು ಒಲ್ಲೆ ಅಂದ್ರು: “ಅಲ್ಲಿ ಗೋದಿ ಬೀಸಿದ ಕಲ್ಲಿನ ಮ್ಯಾಲ ಜ್ವಾಳ ಹಾಕ್ತಾರ. ಹಿಟ್ಟಿಗೆ ಜಿಗಿ ಇರಂಗಿಲ್ಲ, ಬಡಿಯೂಮುಂದ ರೊಟ್ಟಿ ಹರೀತಾವು.” ಮೂರು ದಿನ ಊರೆಲ್ಲಾ ಅನ್ನ ಉಂಡಿತು. ನಾಕನೇ ದಿನಕ್ಕ ಒಬ್ಬರ ಮಾರಿ ಒಬ್ಬರು ನೋಡಿ ಗುರ್ ಅನ್ನಾಕತ್ತಿದ್ರು.

ಗೌಡ್ರ ಕಟ್ಟಿ ಮ್ಯಾಲ ಮೀಟಿಂಗ್ ಆತು. “ಮಾತಾಡಾಕ ಯಾರನ್ನ ಕಳಸೂಣು?” ಅಂದ್ರು ಗೌಡ್ರು. ಎಲ್ಲಾರೂ ನೆಲ ನೋಡಿದ್ರು. ಹಿಂದಿಂದ ನಮ್ಮಾಕಿ ದನಿ ಬಂತು, “ಎಲ್ಲಾರಕಿಂತ ದೊಡ್ಡ ಬಾಯಿ ಯಾರಿಗೈತಿ, ಅವ್ರನ್ನ ಕಳಸ್ರಿ.”

ಇಡೀ ಊರು ಒಮ್ಮೆಲೆ ನನ್ನ ಕಡೆ ಹೊಳ್ಳಿತು. ನಮ್ಮೂರು ತಕರಾರಿಲ್ಲದ ಒಂದು ಮಾತಿಗೆ ಒಪ್ಪಿದ್ದು ಇವತ್ತಿಗೂ ಅದೊಂದ ಸಲ.

೨. ವಿಯೆನ್ನಾ ಯಾವ ತಾಲೂಕು?

ದೊಡ್ಡ ಕೆಲಸಾ ಹಿಡಿಯೂಮುಂದ ಕಾನೂನು ಕೇಳಿಕೊಂಡು ಹೋಗಬೇಕು. ಬಸ್ ಹತ್ತಿ ಕೊಪ್ಪಳಕ್ಕ ಹೋದೆ. ಕೋರ್ಟಿನ ಹತ್ರ ನನಗ ಗುರ್ತಿನ ವಕೀಲರು ಒಬ್ರು ಅದಾರ. “ಸಾಹೇಬ್ರ, ಎರಡು ಸರಕಾರದ ನಡುವ ಜಗಳ ಐತ್ರಿ. ದೂತ ನಾನು. ಕಾನೂನು ಹೇಳ್ರಿ” ಅಂದೆ.

ವಕೀಲರು ಪೆನ್ನು ಕೆಳಗಿಟ್ರು. ಕಣ್ಣಾಗ ನೀರು ಬಂದಂಗ ಕಂಡಿತು. “ಅಜ್ಜಾ, ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನಿಗೆ ನನಗೆ ಎಲ್ಲರಿಗಿಂತ ಹೆಚ್ಚು ಮಾರ್ಕ್ಸು. ಅವತ್ತಿಂದ ಇವತ್ತಿನವರೆಗೆ ಬರೀ ಬದುವಿನ ಕೇಸು. ಈ ವಿಷಯ ಕೇಳಿದ ಮೊದಲ ಕಕ್ಷಿದಾರ ನೀನೇ” ಅಂದು, ಚಾ ತರಿಸಿ, ಕಪಾಟಿನ ಮ್ಯಾಲಿಂದ ಇಟಗಿಯಂಥಾ ಪುಸ್ತಕ ಇಳಿಸಿದ್ರು. ಧೂಳಿಗೆ ಇಬ್ರೂ ಐದು ನಿಮಿಷ ಸೀನಿದ್ವಿ.

“ವಿಯೆನ್ನಾದಲ್ಲಿ ಎಲ್ಲಾ ದೇಶದವರು ಸೇರಿ ಬರೆದುಕೊಂಡ ಒಪ್ಪಂದ ಇದು” ಅಂದ್ರು.

“ವಿಯೆನ್ನಾ ಯಾವ ತಾಲೂಕು ಬರತೈತ್ರಿ? ಕುಷ್ಟಗಿ ಕಡೇದೇನು?”

“ಅದು ಪರದೇಶ.”

“ಹಂಗಾದ್ರ ನಮಗ ಹೆಂಗ ಹತ್ತತೈತಿ?”

“ರೂಢಿ ಅಂತ ಒಂದಿದೆ ಅಜ್ಜಾ. ಎಲ್ಲರೂ ಪಾಲಿಸ್ತಾ ಬಂದ್ರೆ ಅದೇ ಕಾನೂನು. ದೂತನನ್ನ ಹೊಡೀಬಾರದು, ಹಿಡೀಬಾರದು, ಅವನ ಚೀಲ ಬಿಚ್ಚಬಾರದು.”

“ಹೊಡದ್ರ? ಯಾವ ಪೊಲೀಸು ಹಿಡೀತಾರ?”

“ದೇಶ ದೇಶದ ನಡುವೆ ಪೊಲೀಸೇ ಇಲ್ಲ. ನೀನು ನನ್ನ ದೂತನನ್ನ ಮುಟ್ಟಿದ್ರೆ ನಾಳೆ ನಿನ್ನ ದೂತ ನನ್ನ ಕೈಗೆ ಸಿಕ್ತಾನೆ ಅನ್ನೋ ಭಯಾನೇ ಪೊಲೀಸು. ಕೊಟ್ಟಷ್ಟು ತಗೊಳ್ಳೋದು. ಪರಸ್ಪರತೆ.”

ನನಗ ನಗು ಬಂತು. “ಸಾಹೇಬ್ರ, ಇಷ್ಟು ಹೇಳಾಕ ಇಷ್ಟು ದಪ್ಪ ಪುಸ್ತಕಾನ? ನಮ್ಮ ಅತ್ತಿ ಸೊಸ್ತ್ಯಾರು ಇದನ್ನ ದಿನಾ ನಡಸ್ತಾರ.”

ವಕೀಲರು ಟಗರಿನ ಹಕೀಕತ್ತು ಕೇಳಿದ್ರು. “ಟಗರನ್ನ ನೀವು ಕಳಿಸಿದ್ರಾ, ತಾನೇ ಹೋಯ್ತಾ?”

“ತಾನ ಹೋತ್ರಿ.”

“ಹಾಗಾದ್ರೆ ಅದು ರಾಯಭಾರಿ ಅಲ್ಲ, ಅತಿಕ್ರಮಣ.” ಕನ್ನಡಕ ತೆಗದು ಯೋಚನಿ ಮಾಡಿದ್ರು. “ಆದ್ರೆ ಗುದ್ದಿದ್ದು ಗಡಿಯಿಂದ ಎಷ್ಟು ಒಳಗೆ?”

“ಗುದ್ದಿದ್ದು ಗಡಿ ಮ್ಯಾಲರಿ. ಸಾಹುಕಾರ್ರು ಬಿದ್ದದ್ದು ಒಳಗ.”

ವಕೀಲರು ಪುಸ್ತಕ ಮುಚ್ಚಿದ್ರು. “ಇದಕ್ಕೆ ಕಲಮು ಇಲ್ಲ. ನೀವೇ ಮಾಡಬೇಕು.”

೩. ನಾಯಿ ಸಹಿ ಮಾಡಿಲ್ಲ

ದೂತನ ಕೈಯಾಗ ಅಧಿಕಾರ ಪತ್ರ ಇರಬೇಕು ಅಂದಿದ್ರು ವಕೀಲರು. ಗೌಡ್ರು ಬರಕೊಟ್ರು: “ಈ ಕಾಗದ ತಂದ ಮುದುಕ ನಮ್ಮವನು. ಮಾತಾಡಾಕ ಹಚ್ಚೀವಿ. ಜಾಸ್ತಿ ಮಾತಾಡಿದ್ರ ನಮ್ಮ ಮ್ಯಾಲ ತಪ್ಪು ಹೊರಸಬ್ಯಾಡ್ರಿ.” ಕಡೀ ಸಾಲು ಬ್ಯಾಡಾಗಿತ್ತು.

ಬಿಳೇ ಧೋತರ ಉಟ್ಟು, ಪಟಗಾ ಸುತ್ತಿ, ಬೆತ್ತ ಹಿಡದು ಹಳ್ಳ ದಾಟಿದೆ. ಆಚಿ ಊರ ಅಗಸಿ ಬಾಗಲದಾಗ ನಾ ಕಾಲಿಟ್ಟ ಗತ್ತು ನೋಡಿ ಎತ್ತು ಎದ್ದು ನಿಂತ್ವು. ಸಾಹುಕಾರ್ರ ಮನಿ ಮುಂದ ಒಂದು ಕರೀ ನಾಯಿ ಇತ್ತು. ನಾ ಕೈಯಾಗ ಕಾಗದ ಎತ್ತಿ ಹಿಡದು, “ನಾನು ದೂತ! ನನ್ನ ಮುಟ್ಟಂಗಿಲ್ಲ!” ಅಂದೆ.

ನಾಯಿ ಕಾಗದ ನೋಡಿತು. ಆಮ್ಯಾಲ ನನ್ನ ಮೀನಖಂಡ ನೋಡಿತು. ಅದಕ್ಕ ಮೀನಖಂಡನ ರುಚಿ ಅನಿಸ್ತು.

ನಾನು ಆನೆಗೊಂದಿ ಬಂಡಿಗಲ್ಲಿನಂಗ ನಿಂತೆ, ಅಲುಗಾಡಲಿಲ್ಲ. ನಾ ಒದರಿದ್ದು ತಳಕಲ್ಲಿಗೂ ಕೇಳಸ್ತಂತ, ಅದು ಬ್ಯಾರೆ ಮಾತು. ಸಾಹುಕಾರ್ರು ಹೊರಗ ಬಂದ್ರು. ನಾಕು ದಿನದ ಗಡ್ಡ, ಮುಳ್ಳು ಹಂದಿ ಎದ್ದು ಬಂದಂಗ ಇದ್ರು.

“ಸಾಹುಕಾರ್ರ, ಇದು ಅನ್ಯಾಯ! ದೂತನ್ನ ಹೊಡೀಬಾರದು, ಕಡೀಬಾರದು ಅಂತ ವಿಯೆನ್ನಾದಾಗ ಎಲ್ಲಾರೂ ಸಹಿ ಮಾಡ್ಯಾರ!”

ಸಾಹುಕಾರ್ರು ನಾಯಿ ಕಡೆ ನೋಡಿದ್ರು, ನನ್ನ ಕಾಲಿನ ಕಡೆ ನೋಡಿದ್ರು, ಶಾಂತ ಆಗಿ ಅಂದ್ರು, “ನೀ ಹೇಳೋದು ಖರೇ ಇರಬಹುದು ಮಾವಾ. ಆದ್ರ ನಮ್ಮ ನಾಯಿ ಸಹಿ ಮಾಡಿಲ್ಲ.”

೪. ಮುಚ್ಚಿದ ಚೀಲ

ಎರಡನೇ ಸಲ ಹೊಂಟಾಗ ನಮ್ಮಾಕಿ ಅಡ್ಡ ಬಂದ್ಲು. “ಅಲ್ರಿ, ದೂತನ ಚೀಲ ಯಾರೂ ಬಿಚ್ಚಿ ನೋಡಂಗಿಲ್ಲ ಅಂದ್ರಲ್ಲ ನಿಮ್ಮ ವಕೀಲರು?”

“ಹೌದು. ಕಾನೂನು.”

“ಹಂಗಾದ್ರ ಇದರಾಗ ಐದು ಸೇರು ಜ್ವಾಳ ಹಾಕ್ತೀನಿ. ಮಾತಾಡಿ ಮುಗದ ಮ್ಯಾಲ ಗಿರಣ್ಯಾಗಿನವಗ ಸುಮ್ಮನ ಕಣ್ಣು ಮಿಟಕಿಸಿ ಬೀಸಿಕೊಂಡು ಬರ್ರಿ.”

“ಏ ಹುಚ್ಚಿ, ದೂತನ ಚೀಲದಾಗ ರಾಜ್ಯದ ಕಾಗದ ಇರಬೇಕು!”

“ರಾಜ್ಯಕ್ಕ ರೊಟ್ಟಿ ಇಲ್ಲ, ಕಾಗದ ತಗೊಂಡು ಏನ್ ಮಾಡ್ತೀರಿ, ಚಟ್ನಿ ಹಚ್ಚಿಕೊಂಡು ತಿಂತೀರೇನು?”

ಚೀಲದ ಬಾಯಿ ಹೊಲದು, ಮ್ಯಾಲ ಅರಗು ಒತ್ತಿ, ಹೆಗಲಿಗೆ ಹಾಕ್ಕೊಂಡು ಹೋದೆ. ಅಗಸ್ಯಾಗ ನಾಕು ಮಂದಿ ತಡದ್ರು. ಎಲ್ಲಾರ ಗಡ್ಡ ಎದಿ ಕಡೆ ಹೊಂಟಿದ್ವು.

“ಚೀಲದಾಗ ಏನೈತಿ?”

“ಬಿಚ್ಚಿ ನೋಡಂಗಿಲ್ಲ. ಇದು ರಾಯಭಾರಿ ಚೀಲ. ಇದಕ್ಕ ಕೈ ಹಚ್ಚಿದ್ರ ಇಪ್ಪತ್ತು ದೇಶ ನಿಮ್ಮ ಮ್ಯಾಲ ಬರತಾವು!” ಅಂದೆ. ಅವ್ರು ಅಂಜಿ ಹಿಂದ ಸರದ್ರು. ನಾ ಎದಿ ಉಬ್ಬಿಸಿ ಮುಂದ ಹೋದೆ. ಸಾಹುಕಾರ್ರ ಪಡಸಾಲ್ಯಾಗ ಕುಂತು ಅರ್ಧ ತಾಸು ಶಾಂತಿ, ಸೌಹಾರ್ದ, ಅಣ್ಣ ತಮ್ಮಂದಿರು ಅಂತೆಲ್ಲಾ ಮಾತಾಡಿದೆ. ಸಾಹುಕಾರ್ರು ನನ್ನ ಮಾರಿ ನೋಡವಲ್ರು, ಬರೇ ಬಾಗಲ ಕಡೆ ನೋಡಾಕತ್ತಿದ್ರು.

“ಮಾವಾ, ನಿನ್ನ ಚೀಲ ನಾವು ಬಿಚ್ಚಂಗಿಲ್ಲ. ಕಾನೂನು ಅಂದ್ರ ಕಾನೂನು. ಆದ್ರ ಅದರ ಮೂಲ್ಯಾಗ ಒಂದು ತೂತು ಐತಿ.”

ಹೊಳ್ಳಿ ನೋಡಿದೆ. ಹಳ್ಳದಿಂದ ಪಡಸಾಲಿತನಕ ಜ್ವಾಳದ ಒಂದು ಗೆರಿ. ಆ ಗೆರಿ ಮ್ಯಾಲ ಎರಡೂ ಊರಿನ ಕೋಳಿ ಸಾಲು ಹಿಡದು ಬರಾಕತ್ತಿದ್ವು.

ಸಾಹುಕಾರ್ರು ಎದ್ದು ಕೈ ಮುಗದ್ರು. “ಇಪ್ಪತ್ತು ದೇಶ ಬರತಾವು ಅಂತ ಅಗಸ್ಯಾಗ ಹೇಳಿದ್ದಿಯಂತಲ್ಲ, ಬಂದ್ವು ನೋಡು. ಎಲ್ಲಿ ಕುಂದ್ರಸಬೇಕು ಹೇಳು.”

೫. ಆಶ್ರಯ ಬೇಡಿ ಬಂದ ಮದುಮಗ

ಎಂಟನೇ ದಿನ ಮುಂಜಾನೆ ಆಚಿ ಊರಿನ ಒಬ್ಬ ಹುಡುಗ ಹಳ್ಳ ದಾಟಿ, ನಮ್ಮ ಮನಿ ಒಳಗ ಓಡಿ ಬಂದು, ಒಳಗಿಂದ ಚಿಲಕಾ ಹಾಕಿದ. ಮೂವತ್ತರ ವಯಸ್ಸು, ಗಡ್ಡ ನೋಡಿದ್ರ ಅರವತ್ತು.

“ಅಜ್ಜಾ, ನಾ ನಿನ್ನ ಮನ್ಯಾಗ ಆಶ್ರಯ ಬೇಡಾಕ ಬಂದೀನಿ. ನಾಳಿ ಕುಷ್ಟಗ್ಯಾಗ ನನ್ನ ನಿಶ್ಚಯ. ಹಿಂಗ ಹೋದ್ರ ಹುಡುಗಿ ಮನಿಯವ್ರು ಭಿಕ್ಷಾ ನೀಡಿ ಕಳಸ್ತಾರ. ನಮ್ಮ ಸಾಹುಕಾರ್ರು ಬ್ಯಾರೆ, ಪ್ಯಾಟ್ಯಾಗ ಕಟಿಂಗ್ ಮಾಡಿಸಿಕೊಂಡವ್ರು ಊರಿಗೇ ದ್ರೋಹ ಮಾಡಿದ್ಹಂಗ ಅಂದಾರ.”

ಫೋನ್ ಹಚ್ಚಿ ವಕೀಲರನ್ನ ಕೇಳಿದೆ. “ಆಶ್ರಯ ಕೊಡಬಹುದು ಅಜ್ಜಾ, ಆದ್ರೆ ಅವನ ಜೀವಕ್ಕೆ ಅಪಾಯ ಇರಬೇಕು. ಇದೆಯಾ?”

“ಜೀವಕ್ಕ ಇಲ್ರಿ. ಲಗ್ನಕ್ಕ ಐತಿ.”

“ಅದಕ್ಕೂ ಕಲಮು ಇಲ್ಲ” ಅಂದ್ರು.

ನಮ್ಮಾಕಿ ಅವಗ ಚಾ ಕೊಟ್ಲು, ಅವಲಕ್ಕಿ ಕೊಟ್ಲು, ಕಣ್ಣೀರು ಒರಸಿದ್ಲು. ಆದ್ರ ಅಂಗಡಿಯವನ ಕೈ ಕಟ್ಟಿತ್ತು. “ಕಾಕಾ, ಗೌಡ್ರ ಹುಕುಂ. ಆಚಿ ಊರವ್ರ ತಲಿಗೆ ನಾ ಕತ್ತರಿ ಹಾಕಂಗಿಲ್ಲ” ಅಂದ. ಖರೇ ದೂತ ಅಂದ್ರ ಹುಕುಂ ಮುರೀದನ ಹುಕುಂ ದಾಟಬೇಕು. ನಾ ಗೌಡ್ರನ್ನ ಕೇಳಿದೆ, “ಬಂದ್ ಆಗಿದ್ದು ಕಟಿಂಗ್ ಅಂಗಡಿ ಹೌದಲ್ರಿ? ಕುರಿ ಉಣ್ಣಿ ಕತ್ತರಸೋದು ಬಂದ್ ಐತೇನು?”

“ಇಲ್ಲ.”

ಕುರಿ ಕಾಯೋ ನಮ್ಮ ಅಳಿಯಗ ಕರೆ ಕಳಿಸಿದೆ. ಅವನ ಕೈ ಅಂದ್ರ ಕೈ, ಒಂದು ತಾಸಿಗೆ ಎಂಟು ಕುರಿ ಕತ್ತರಸ್ತಾನ. ಮದುಮಗನ ನಾಕೂ ಕಾಲು ಕಟ್ಟಾಕ ಹೊಂಟಿದ್ದ, ನಾ ಬ್ಯಾಡ ಅಂದೆ. ಐದು ನಿಮಿಷದಾಗ ಗಡ್ಡ, ತಲಿ ಎರಡೂ ಮುಗದ್ವು. ತಲ್ಯಾಗ ಅಲ್ಲಲ್ಲಿ ನೇಗಿಲ ಹೊಡದಂಗ ಸಾಲು ಬಿದ್ದಿದ್ವು, ಕೆಲಸಾ ಆದ ಮ್ಯಾಲ ಅಳಿಯ ರೂಢಿ ಪ್ರಕಾರ ಬೆನ್ನಿಗೊಂದು ಏಟು ಕೊಟ್ಟು “ಹೋಗ್, ಮೇಯ್” ಅಂದುಬಿಟ್ಟ. ಉಳದದ್ದೆಲ್ಲಾ ಛಲೋ ಇತ್ತು.

ಮರುದಿನ ಹುಡುಗಿ ಕಡೆಯವ್ರು ತಲಿ ನೋಡಿ ಬೆರಗಾದ್ರಂತ. ಹುಡುಗಿ ತಮ್ಮ ಮಾತ್ರ, “ಮಾವಾ, ಇದು ಹೊಸಾ ಸ್ಟೈಲಲ್ಲ? ಎಲ್ಲಿ ಮಾಡಿಸಿದ್ರಿ?” ಅಂದನಂತ. ಲಗ್ನ ಗಟ್ಟಿ ಆತು. ಈಗ ಕುಷ್ಟಗಿಯಿಂದ ಹುಡುಗ್ರು ನಮ್ಮ ಅಳಿಯನ್ನ ಹುಡಿಕ್ಕೊಂಡು ಬರತಾರ, ಅವ ಮಾತ್ರ ಕುರಿ ಮುಗಿಸೋತನಕ ಅವರನ್ನ ಹಟ್ಟ್ಯಾಗ ನಿಲ್ಲಸ್ತಾನ.

೬. ಗೌಡ್ರ ವಿಷಾದ, ಟಗರಿನ ಅಭಿಪ್ರಾಯ

ಅಮವಾಸಿಗೆ ಮೂರು ದಿನ ಉಳೀತು. ನಮ್ಮ ಓಣ್ಯಾಗ ಹೆಣ್ಣಮಕ್ಕಳು ಹಂಚು ಹೊರಗ ಇಟ್ಟು ಒಳಗ ತರೋದು, ಒಳಗ ತಂದು ಹೊರಗ ಇಡೋದು ಮಾಡಾಕತ್ತಿದ್ರು. ಕ್ಷಮಾ ಕೇಳಂಗಿಲ್ಲ ಅಂತ ಗೌಡ್ರು, ಕೇಳದ ಬಿಡಂಗಿಲ್ಲ ಅಂತ ಸಾಹುಕಾರ್ರು.

ಮತ್ತ ವಕೀಲರಿಗೆ ಫೋನ್ ಹಚ್ಚಿದೆ. “ಅಜ್ಜಾ, ದೊಡ್ಡ ದೇಶಗಳು ಕ್ಷಮೆ ಕೇಳಲ್ಲ, ವಿಷಾದ ವ್ಯಕ್ತಪಡಿಸ್ತವೆ. ಕೇಳಿದವನಿಗೆ ಕ್ಷಮೆ ಕೇಳಿದಂಗೆ ಅನ್ನಿಸ್ಬೇಕು, ಹೇಳಿದವನಿಗೆ ಕೇಳಲಿಲ್ಲ ಅನ್ನಿಸ್ಬೇಕು.”

ಗೌಡ್ರಿಗೆ ಭಾಳ ಸೇರಿತು. ಹಳ್ಳದ ದಂಡಿಗೆ ನಿಂತು ದೊಡ್ಡ ದನೀಲೆ ಹೇಳಿದ್ರು, “ನಡದದ್ದಕ್ಕ ನನಗ ವಿಷಾದ ಐತಿ!” ಸಾಹುಕಾರ್ರು ಆಚಿ ದಂಡಿಗೆ ತಲಿ ಅಲ್ಲಾಡಿಸಿದ್ರು. ಗೌಡ್ರು ನನ್ನ ಕಿವ್ಯಾಗ ಅಂದ್ರು, “ಟಗರಿನ ಕೋಡಿಗೆ ನೋವಾಗಿರಬೇಕು, ಪಾಪ. ಅದಕ್ಕ ವಿಷಾದ.”

ಆತು, ಟಗರು ಒಪ್ಪಿಸೋ ಹೊತ್ತು ಬಂತು. ಹಗ್ಗ ಬಿಚ್ಚಿದ್ರು. ಟಗರು ಹೆಜ್ಜಿ ಎತ್ತಲಿಲ್ಲ. ಗಿರಣ್ಯಾಗ ಎಂಟೊಂಬತ್ತು ದಿನ ತೌಡು, ನುಚ್ಚು ತಿಂದು ಅದರ ಕುತ್ತಿಗಿ ಕಾಣತಿರಲಿಲ್ಲ. ಎಂಟು ಮಂದಿ ಜಗ್ಗಿದ್ವಿ. ಅದು ಕುಂತ ಬಿಡ್ತು. ಗೌಡ್ರ ಮಾರಿ ಸಣ್ಣದಾತು. “ಲೇ, ನಾ ನಿನಗ ಕಡಲಿ ತಿನಿಸಿ ಬೆಳಸೀನಲ್ಲೋ!” ಅಂದ್ರು. ಟಗರು ಆಚಿ ಕಡೆ ಮಾರಿ ಹೊಳ್ಳಿಸ್ತು.

“ಬರೋದಿಲ್ಲ ಅಂದವರನ್ನ ಎಳದೊಯ್ಯಬಾರದು, ಅದೂ ಕಾನೂನು” ಅಂದೆ ನಾನು. ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ ಅಂತ ರಾಜಿ ಆತು. ನಮ್ಮಲ್ಲಿ ಎರಡು ಊರಿಗೂ ಸೇರಿದ ಪ್ರಜಾ ಅಂದ್ರ ಅದೊಂದ. ಅದಕ್ಕ ಮಾತ್ರ ಯಾರೂ ಆಧಾರ್ ಕಾರ್ಡ್ ಕೇಳಿಲ್ಲ.

೭. ಒಂದ ಹೊತ್ತಿಗೆ ಎರಡು ಬಾಗಲ

ಟಗರಿನ ತಕರಾರು ಮುಗೀತು, ಬಾಗಲದ ತಕರಾರು ಉಳೀತು. “ಮೊದಲ ಗಿರಣಿ ತೆಗೀರಿ” ಅಂತ ನಾವು. “ಮೊದಲ ಅಂಗಡಿ ತೆಗೀರಿ” ಅಂತ ಅವ್ರು. ಅದರಾಗ ಎರಡು ದಿನ ಹೋತು. ನಾಳಿ ಅಮವಾಸಿ ಅನ್ನೂಮುಂದ, ಮುಂಜಾನೆ ಒಪ್ಪಂದ ಮಾಡಾಕ ಹಳ್ಳದ ನಡುವ ಮೇಜು ಹಾಕಿದ್ವಿ. ಎರಡು ಕಾಲು ಅವರ ಕಡೆ, ಎರಡು ಕಾಲು ನಮ್ಮ ಕಡೆ. ಪಾದ ಮುಳುಗೋವಷ್ಟು ನೀರು. ಯಾರ ಹೆಸರು ಮೊದಲ ಬರೀಬೇಕು ಅಂತ ಮತ್ತ ಜಗಳ. ವಕೀಲರು ಫೋನಿನಾಗ ದಾರಿ ತೋರಿಸಿದ್ರು: ಎರಡು ಪ್ರತಿ ಮಾಡ್ರಿ, ನಿಮ್ಮ ಪ್ರತ್ಯಾಗ ನಿಮ್ಮ ಹೆಸರು ಮ್ಯಾಲ, ಅವರ ಪ್ರತ್ಯಾಗ ಅವರದು ಮ್ಯಾಲ. ಜಗತ್ತಿನಾಗ ಎಲ್ಲಾ ಕಡೆ ಹಿಂಗ ಮಾಡ್ತಾರಂತ. ಇಷ್ಟು ದೊಡ್ಡ ಮಂದಿನೂ ನಮ್ಮಂಗ ಅದಾರ ಅಂತ ತಿಳದು ನನಗ ಸಮಾಧಾನ ಆತು.

ನಾ ಬರೆಸಿದ ಕಲಮು ಒಂದ: “ಎರಡೂ ಬಾಗಲ ಒಂದ ಹೊತ್ತಿಗೆ ತೆಗೀಬೇಕು. ಗಿರಣಿ ತಿರಗೋತನಕ ಕತ್ತಿ ತಿರಗಬೇಕು. ಒಂದು ನಿಂತ್ರ ಇನ್ನೊಂದು ನಿಲ್ಲಬೇಕು.” ಇಂಥಾ ಕಲಮು ವಿಯೆನ್ನಾದವ್ರಿಗೂ ಹೊಳದಿಲ್ಲ.

ಸಾಹುಕಾರ್ರು ನಮ್ಮೂರಿಗೆ ಬಂದು ಕಟಿಂಗ್ ಅಂಗಡಿ ಕುರ್ಚಿ ಮ್ಯಾಲ ಕುಂತ್ರು. ಗೌಡ್ರು ಅವರೂರಿಗೆ ಹೋಗಿ ಗಿರಣ್ಯಾಗ ನಮ್ಮ ಜ್ವಾಳದ ಚೀಲದ ಮ್ಯಾಲ ಕುಂತ್ರು. ನಾನು ಅಂಗಡ್ಯಾಗ ಫೋನ್ ಹಿಡದು ನಿಂತೆ. “ಒಂದು, ಎರಡು, ಮೂರು!” ಅಂದೆ. ಆ ಕಡೆ ಗಿರಣಿ ಗುರ್ರ್ ಅಂತು, ಈ ಕಡೆ ಕತ್ತಿ ಸರ್ರ್ ಅಂತು. ಅಂಗಡಿ ಮುಂದ ನಿಂತ ಮಂದಿ ಚಪ್ಪಾಳಿ ಹೊಡದ್ರು. ಅಂಗಡಿಯವ ಸಾಹುಕಾರ್ರ ಬಲಗಲ್ಲ ಮುಗಿಸಿ, ಬಲಮೀಸಿ ತಿದ್ದಿ, ಎಡಗಲ್ಲಕ್ಕ ಸೋಪಿನ ಬುರುಗು ಹಚ್ಚಿದ್ದ. ಅಷ್ಟ್ರಾಗ ಫೋನಿನಾಗ ಗೌಡ್ರ ದನಿ:

“ನಿಲ್ಲಸೋ! ಗಿರಣಿ ನಿಂತೈತಿ! ಕರೆಂಟ್ ಹೋತು!”

ನಾ ಅಂಗಡಿಯವನ ಕೈ ಹಿಡದೆ. “ಕತ್ತಿ ಎತ್ತು.”

“ಕಾಕಾ, ಅರ್ಧಾ ಉಳದೈತಿ…”

“ಒಪ್ಪಂದ ಅಂದ್ರ ಒಪ್ಪಂದ. ಎತ್ತು!”

ಸಾಹುಕಾರ್ರು ಕನ್ನಡ್ಯಾಗ ನೋಡಿಕೊಂಡ್ರು. ಬಲಗಡೆ ಲಗ್ನದ ಗಂಡು, ಎಡಗಡೆ ಸನ್ಯಾಸಿ. “ಮಾವಾ, ಕರೆಂಟ್ ಹೋದ್ರ ನಂದೇನ್ ತಪ್ಪು?” ಅಂದ್ರು, ಬರೇ ಅರ್ಧಾ ಬಾಯಿಲೆ. ಇನ್ನೊಂದು ಅರ್ಧಾ ಬುರುಗಿನಾಗ ಇತ್ತು.

ನ್ಯಾಯ ಅಂದ್ರ ನ್ಯಾಯ, ವಕೀಲರಿಗೆ ಫೋನ್ ಹಚ್ಚಿದೆ. “ಅಜ್ಜಾ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಒಪ್ಪಂದ ತಪ್ಪಿದ್ರೆ ಅದು ತಪ್ಪಲ್ಲ ಅಂತಾನೂ ಕಾನೂನು—” ಅನ್ನಾಕತ್ತಿದ್ರು. ಅಷ್ಟ್ರಾಗ ನನಗ ಕಿವಿ ಕೇಳಸದಂಗಾತು. ಫೋನ್ ಕಿಸೇದಾಗ ಇಟ್ಟು, “ವಕೀಲರು ಹೂಂ ಅಂದ್ರು” ಅಂದೆ. ಇದಕ್ಕ ರಾಯಭಾರ ಅಂತಾರ.

“ನಾಳಿ ಅಮವಾಸಿ, ಕತ್ತಿ ಮುಟ್ಟಸಂಗಿಲ್ಲ, ನಾಡದು ಶ್ರಾವಣ. ಒಂದು ತಿಂಗಳು ನಾ ಹಿಂಗ ಇರಬೇಕೇನು?” ಸಾಹುಕಾರ್ರ ದನಿ ಅಳು ಬಂದಂಗಾತು.

“ನಮಗೂ ಅಷ್ಟರಿ. ಹಿಟ್ಟಿಲ್ಲದ ರೊಟ್ಟಿ ಹಬ್ಬ ಮಾಡಬೇಕೇನು?” ಬಾಗಲದಾಗ ನಿಂತ ನಮ್ಮಾಕಿ ಅಂದ್ಲು.

ಹೊರಗ ಮಂದಿ ಮೊಬೈಲ್ ತಗದು ಫೋಟೋ ಹೊಡ್ಯಾಕತ್ತಿದ್ರು. ಸಾಹುಕಾರ್ರು ಕುರ್ಚಿ ಬಿಟ್ಟು ಏಳಲಿಲ್ಲ, ಎದ್ದು ಹೋಗೋದು ಯಾ ಕಡೆ ಮಾರಿ ಇಟಗೊಂಡು? ಅಲ್ಲೇ ಕುಂತು ಲೈನ್‌ಮನ್‌ಗ ಫೋನ್ ಹಚ್ಚಿದ್ರು.

“ಹಲೋ ತಮ್ಮಾ, ನಾ ಗಿರಣಿ ಸಾಹುಕಾರ. ಕರೆಂಟ್ ಬೇಕು.”

“ವಾಯರ್ ಬಿದ್ದೈತ್ರಿ ಸಾಹುಕಾರ್ರ. ನಾಳಿ ನೋಡೂಣು.”

“ನಾಳಿ ಆಗಂಗಿಲ್ಲೋ!”

“ಯಾಕ್ರಿ, ಅಂಥಾ ಅರ್ಜೆಂಟ್ ಏನೈತಿ?”

ಸಾಹುಕಾರ್ರು ಒಂದು ಕ್ಷಣ ಕಣ್ಣು ಮುಚ್ಚಿದ್ರು. ಆಮ್ಯಾಲ ವಿಡಿಯೋ ಕಾಲ್ ಹಚ್ಚಿ, ಫೋನ್ ಮಾರಿ ಮುಂದ ಹಿಡದ್ರು. ಮೊದಲ ಬಲಗಡೆ ತೋರಿಸಿದ್ರು. ನಿಧಾನಕ ಎಡಗಡೆ ಹೊಳ್ಳಿಸಿದ್ರು.

ಆ ಕಡೆಯಿಂದ ಏನೋ ಧೊಪ್ಪಂತ ಬಿದ್ದ ಸಪ್ಪಳ ಬಂತು. ಹತ್ತು ನಿಮಿಷದಾಗ ಲೈನ್‌ಮನ್ ಬೈಕ್ ಮ್ಯಾಲ ಬಂದ. ಕಂಬಕ್ಕ ಹೋಗೂಕಿಂತ ಮೊದಲ ಅಂಗಡ್ಯಾಗ ಇಣಿಕಿ ಖಾತ್ರಿ ಮಾಡಕೊಂಡು ಹೋದ. ಮ್ಯಾಲ ಹತ್ತಿದವ ನಕ್ಕು ನಕ್ಕು ಎಲ್ಲಿ ಬೀಳ್ತಾನೋ ಅಂತ ಕೆಳಗ ನಾಕು ಮಂದಿ ಕಂಬಳಿ ಹಿಡದು ನಿಂತಿದ್ರು.

ಕರೆಂಟ್ ಬಂತು. ಗಿರಣಿ ಗುರ್ರ್, ಕತ್ತಿ ಸರ್ರ್. ಮಧ್ಯಾಹ್ನದಾಗ ಸಾಹುಕಾರ್ರ ಮಾರಿ ಬೆಳ್ಳಿ ತಾಟಿನಂಗ ಹೊಳೀತು, ನಮ್ಮ ಹನ್ನೆರಡು ಚೀಲ ಹಿಟ್ಟು ಹಳ್ಳ ದಾಟಿ ಬಂತು. ಸಂಜೀತನಕ ಆಚಿ ಊರಿನ ಗಡ್ಡೆಲ್ಲಾ ನಮ್ಮ ಅಂಗಡಿ ಮುಂದ ಸಾಲು ಹಿಡದಿದ್ವು, ನಮ್ಮ ಓಣಿ ತುಂಬ ರೊಟ್ಟಿ ಬಡಿಯೋ ಸಪ್ಪಳ ಎದ್ದಿತ್ತು. ಮೊದಲ ಹತ್ತು ರೊಟ್ಟಿ ನಮ್ಮಾಕಿ ಸಾಹುಕಾರ್ರ ಮನಿಗೆ ಕಳಿಸಿದ್ಲು, ಮ್ಯಾಲ ಎಣ್ಣಿಗಾಯಿ ಪಲ್ಯ ಇಟ್ಟು.

ಆ ಒಪ್ಪಂದ ಇವತ್ತಿಗೂ ಜಾರಿಯಾಗ ಐತಿ. ಈಗ ನಮ್ಮ ಎರಡೂ ಊರಾಗ ಕರೆಂಟ್ ಹೋದ್ರ ಯಾರೂ ಅರ್ಜಿ ಬರಿಯಂಗಿಲ್ಲ, ಆಫೀಸಿಗೆ ಅಡ್ಡಾಡಂಗಿಲ್ಲ. ಸಾಹುಕಾರ್ರನ್ನ ಕರದು ಕುರ್ಚಿ ಮ್ಯಾಲ ಕುಂದ್ರಿಸಿ, ಒಂದು ಗಲ್ಲಕ್ಕ ಸೋಪು ಹಚ್ಚತಾರ.